ಮಾಯಮ್ಮನ ಹೊಗೆ ಬೀರು

ಪಿತೃಪಕ್ಷ ಹುಟ್ಟುವ ಮೊದಲೇ ರೇವಮ್ಮ ದುದ್ದದಿಂದ ಬಸ್ಸು ಹತ್ತಿ ಬಂದಳು. ಸಾಲಗಾಮೆ ರಸ್ತೆಯ ಹೊಸ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕುಳಿತು, ಬಾಯಿಗೆ ಹಾಕಿದ ಎಲೆಯಡಿಕೆ ಇನ್ನೂ ಕೆಂಪಾಗುವ ಮುಂಚೆ, ಬಂದ ಕೆಲಸ ಏನೆಂದು ಹೇಳಿಬಿಟ್ಟಳು.

"ನೋಡಮ್ಮಿ ಮಾಯಿ, ಪಾಪಯ್ಯಂಗೆ ಇದು ಮೊದಲ್ನೇ ಎಡೆ. ದುದ್ದದಾಗೆ ನಮ್ಮನೇಲೇ ಇಕ್ಕವ. ಈ ಮನೇಲಿ ಬ್ಯಾಡ."

ಪಾಪಯ್ಯ ರೇವಮ್ಮನಿಗೆ ತಮ್ಮ, ಮಾಯಮ್ಮನಿಗೆ ಗಂಡ. ಆಯುಸ್ಸೆಲ್ಲ ಬಸ್ಸು ಓಡಿಸಿ, ನಿವೃತ್ತನಾದ ಮೇಲೆ ಈ ಮನೆ ಕಟ್ಟಿಸಿ, ಶಿವರಾತ್ರಿ ಕಳೆದ ವಾರ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ನಲ್ಲಿಯ ಪಕ್ಕದಲ್ಲೇ ಕುಸಿದು ಹೋಗಿದ್ದ. ದೇವರು ಕರೆದಾಗ ಬಾಯಿ ಮುಕ್ಕಳಿಸುವಷ್ಟು ವ್ಯವಧಾನವನ್ನೂ ಕೊಡುವುದಿಲ್ಲ.

"ಯಾಕ್ ಬ್ಯಾಡ ಅತ್ಗೆ? ಇದು ಅವ್ರೇ ಕಟ್ಟಿಸಿದ್ ಮನೆ ಅಲ್ವಾ?" ಎಂದಳು ಮಾಯಮ್ಮ.

"ಕಟ್ಟಿಸ್ದ, ಯಾರಿಲ್ಲ ಅಂದ್ರು? ಒಲೆ ಎಲ್ಲೈತೆ ಇದ್ರಾಗೆ? ಒಗೆ ಆಡ್ದಿರೋ ಮನೇಲಿ ಉಪ್ಕಂಡ ಎಲ್ಲಿಂದ ಬಂದಾತು? ಉಪ್ಕಂಡ ಇಲ್ದಿರೋ ಎಲೆ ಮುಂದೆ ನನ್ ತಮ್ಮ ಕೂರಾಕಿಲ್ಲ. ಅಸ್ಕಂಡು ವಾಪಸ್ ಓಯ್ತಾನೆ ಅಷ್ಟೇಯ."

ರೇವಮ್ಮ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕುರಿಯ ಬಾಡನ್ನು ಉದ್ದುದ್ದ ಸೀಳಿ, ಉಪ್ಪು, ಅರಿಸಿನ, ಬೆಳ್ಳುಳ್ಳಿ ಖಾರ ಹಚ್ಚಿ, ದಾರಕ್ಕೆ ಪೋಣಿಸಿ, ಬಿಸಿಲಿಗೆ ಆರಿಸಿ, ಕೊನೆಗೆ ಸೌದೆ ಒಲೆಯ ನೆತ್ತಿಯ ಮೇಲೆ ನೇತು ಹಾಕಿದರೆ ಅದು ಉಪ್ಪುಕಂಡ. ಹೊಗೆ ಕುಡಿದು ಕುಡಿದು ಮಾಗಿದ ಆ ಎಳೆಗಳನ್ನು ಎಣ್ಣೆಯಲ್ಲಿ ಬಾಡಿಸಿ ಮುದ್ದೆಯ ಪಕ್ಕದಲ್ಲಿಟ್ಟರೆ ಪಾಪಯ್ಯ ಮನೆಯವರನ್ನೆಲ್ಲ ಮರೆಯುತ್ತಿದ್ದ.

ಆದರೂ ಒಲೆ ಬೇಡವೆಂದವನು ಅವನೇ. ಹಳೆಯ ಮನೆಯಲ್ಲಿ ಊದುಗೊಳವೆ ಹಿಡಿದು ಹಿಡಿದು ಮಾಯಮ್ಮನ ಕಣ್ಣು ಸದಾ ಕೆಂಪಗಿರುತ್ತಿತ್ತು. ಹೊಸ ಮನೆಯ ಹಿತ್ತಲಲ್ಲಿ ಒಂದು ಒಲೆ ಹಾಕೋಣವೇ ಎಂದು ಮೇಸ್ತ್ರಿ ಕೇಳಿದಾಗ, "ಬ್ಯಾಡ ಕಣಪ್ಪ, ಇವ್ಳು ಇಷ್ಟ್ ವರ್ಸ ಕಣ್ಣೀರು ಆಕಿದ್ದು ಸಾಕು" ಎಂದಿದ್ದ. ಅಲ್ಲಿಗೆ ಮನೆಯಲ್ಲಿ ಉಪ್ಪುಕಂಡವೂ ನಿಂತಿತು. ಆಸೆಯಾದಾಗ ಅಕ್ಕನ ಮನೆಗೆ ಹೋಗಿ ತಿಂದು ಬರುತ್ತಿದ್ದ. ಹೆಂಡತಿಯ ಮುಂದೆ ಒಂದು ದಿನವೂ ಆ ಮಾತೆತ್ತಿದವನಲ್ಲ.

"ಉಪ್ಕಂಡ ನಾನೇ ಮಾಡ್ತೀನಿ ಅತ್ಗೆ. ಇಲ್ಲೇ ಮಾಡ್ತೀನಿ, ಇಲ್ಲೇ ಎಡೆ ಇಡ್ತೀನಿ."

"ಗ್ಯಾಸ್ ಒಲೆ ಮ್ಯಾಗೆ ದಾರ ಕಟ್ಟೀಯಾ?" ರೇವಮ್ಮ ನಕ್ಕಳು. "ಆಯ್ತು, ಅಬ್ಬದ್ ದಿನ ನಾನೇ ಬತ್ತೀನಿ. ನನ್ ಬಾಯ್ಗೆ ಅದು ಉಪ್ಕಂಡ ಅನ್ನಿಸ್ಬೇಕು. ಅನ್ನಿಸ್ನಿಲ್ವಾ, ಮುಂದ್ಲು ವರ್ಸದಿಂದ ನನ್ ತಮ್ಮನ್ ಎಡೆ ದುದ್ದದಾಗೆ. ಆಮೇಕೆ ಅಳ್ಬ್ಯಾಡ."

ಆ ಮನೆತನದಲ್ಲಿ ಎಡೆಯ ವಿಷಯಕ್ಕೆ ಹಿರಿಯ ಹೆಣ್ಣುಮಗಳ ಮಾತೇ ಕೊನೆ. ಗಂಡ ಬದುಕಿದ್ದಾಗ ಬಸ್ಸಿನ ಹಿಂದೆ ಊರೂರು ಅಲೆದ. ಸತ್ತ ಮೇಲೆ ವರ್ಷಕ್ಕೊಮ್ಮೆ ಬರುವ ಊಟಕ್ಕಾದರೂ ತನ್ನ ಮನೆಯ ಬಾಗಿಲಿಗೆ ಬರಲಿ ಎಂಬುದಷ್ಟೇ ಮಾಯಮ್ಮನ ಆಸೆ. ಅದೂ ಈಗ ಒಂದು ತುಂಡು ಬಾಡಿನ ಮೇಲೆ ನಿಂತಿತು.

ಸಂಜೆ ಹಾಲಿನ ಡೈರಿಯ ಕೆಲಸದಿಂದ ಬಂದ ಮಗ ಭೀಮನಿಗೆ ವಿಷಯ ತಿಳಿದದ್ದೇ ಮುಖ ಅರಳಿತು.

"ಅಷ್ಟೇನಾ ಅವ್ವ? ಒರಗಡೆ ಇಟ್ಕಂಡು ಸುಡೋ ಗ್ರಿಲ್ಲು ಬತ್ತವೆ. ಟೆರೇಸ್ ಮೇಲೆ ಇಟ್ರಾಯ್ತು."

"ಇವ್ರಿಗೆ ಅದು ತಗೋಬೇಕು ಅಂತ ಎಷ್ಟ್ ದಿನದಿಂದ್ಲೋ ಆಸೆ ಅತ್ತೆ," ಎಂದಳು ಸೊಸೆ ಶಾಂತಿ. "ರಾತ್ರಿಯೆಲ್ಲ ಮೊಬೈಲಲ್ಲಿ ಅದ್ನೇ ನೋಡೋದು. ಈಗ ಮಾವನ ಹೆಸರು ಸಿಕ್ತು."

ಮರುದಿನವೇ ಮೂವರೂ ಹಾಸನದ ಒಂದು ದೊಡ್ಡ ಅಂಗಡಿಗೆ ಹೋದರು. ಅಂಗಡಿಯವನು ಮೊದಲು ತೋರಿಸಿದ್ದು ಗ್ಯಾಸಿನದು. ಕನ್ನಡಿಯಂತೆ ಹೊಳೆಯುತ್ತಿತ್ತು.

"ಗುಂಡಿ ತಿರುಗಿಸಿದರೆ ಬೆಂಕಿ. ಒಂಚೂರೂ ಹೊಗೆ ಬರಲ್ಲಮ್ಮ."

"ಒಗೆ ಬರಾಕಿಲ್ಲ ಅಂದ್ರೆ ಇದ್ಯಾಕಪ್ಪ? ಅಂಥದ್ದೊಂದು ಅಡಿಗೆ ಮನೇಲೇ ಐತೆ."

ಮುಂದಿನದು ಇದ್ದಿಲಿನದು. ಮೂರು ಕಾಲಿನ ಮೇಲೆ ದುಂಡಗೆ, ಮುಚ್ಚಳ ಮುಚ್ಚಿದರೆ ಕುಂಬಳಕಾಯಿಯ ಹಾಗೆ ಕಾಣುತ್ತಿತ್ತು. ಭೀಮ ಅದರಿಂದ ಕಣ್ಣು ಕೀಳಲಿಲ್ಲ. ಮಾಯಮ್ಮ ಮುಚ್ಚಳ ತೆಗೆದು ಕಂಬಿಯ ಜಾಲರಿಯಿಂದ ಮೇಲಕ್ಕೆ ಗೇಣು ಹಾಕಿ ನೋಡಿದಳು.

"ದಾರ ಇಳಿಬಿಡಾಕೆ ಜಾಗ ಎಲ್ಲೈತೆ? ಬೆಂಕಿ ಮ್ಯಾಗೇ ಮನಗಿಸಿದ್ರೆ ಬಾಡು ಬೆಂದು ಕಬಾಬಾಯ್ತದೆ."

"ಕಬಾಬಾದ್ರೆ ತಪ್ಪೇನವ್ವ?"

"ಎಡೇಲಿ ಕಬಾಬಿಟ್ರೆ ನಿಮ್ಮಪ್ಪ ಫೋಟೋದಿಂದ ಎದ್ ಬಂದು ಒದೀತಾನೆ ಕಣ್ಲಾ."

ಅಂಗಡಿಯವನು ಒಳ್ಳೆಯವನು. ನೇತು ಹಾಕುವ ಮಾತು ಕೇಳಿ ಮಾರುವ ಆಸೆಯನ್ನು ಬಿಟ್ಟ. "ನಿಮಗೆ ಬೇಕಾದ್ದು ಗ್ರಿಲ್ ಅಲ್ಲಮ್ಮ, ಸ್ಮೋಕರ್ ಅಂತ ಬೇರೆ. ನನ್ನ ಹತ್ರ ಇಲ್ಲ. ಚನ್ನರಾಯಪಟ್ಟಣದಲ್ಲಿ ಶಶಿಕುಮಾರ್ ಅಂತ ವೆಲ್ಡಿಂಗ್ ಕೆಲಸದೋನು, ರೆಸಾರ್ಟ್‌ಗಳಿಗೆ ಮಾಡ್ಕೊಡ್ತಾನೆ, ನೋಡಿ," ಎಂದ.

ಭಾನುವಾರ ಚನ್ನರಾಯಪಟ್ಟಣಕ್ಕೆ ಹೋದರು. ಹೆದ್ದಾರಿಯ ಪಕ್ಕದ ಶೆಡ್ಡಿನಲ್ಲಿ ಅಡ್ಡಡ್ಡ ಸೀಳಿ ಕಾಲು ಕೂರಿಸಿದ ಡ್ರಮ್ಮುಗಳು ಸಾಲಾಗಿದ್ದವು. ಮಾಯಮ್ಮ ಒಂದರೊಳಗೆ ತಲೆ ತೂರಿಸಿ ಉಸಿರೆಳೆದಳು.

"ಇದ್ರಾಗೆ ಏನಿತ್ತಪ್ಪ ಮೊದ್ಲು?"

"ಎಣ್ಣೆ ಅಮ್ಮ. ಸುಟ್ಟು ತೊಳೆದಿದ್ದೀವಿ," ಎಂದ ಶಶಿಕುಮಾರ್.

"ಅಡಿಗೆ ಎಣ್ಣೆಯೋ, ಬಸ್ಸಿಗೆ ಆಕೋ ಎಣ್ಣೆಯೋ?"

ಶಶಿಕುಮಾರ್ ತಲೆ ಕೆರೆದುಕೊಂಡು ನಕ್ಕ. "ಬಸ್ಸಿಂದೇ."

"ನಮ್ ಯಜಮಾನ್ರು ಇದ್ದಷ್ಟು ದಿನವೂ ಅದೇ ವಾಸ್ನೇಲಿದ್ರು. ಎಡೇಲೂ ಅದೇ ಬ್ಯಾಡ ಬುಡು."

ಅವನು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಹೊಸ ತಗಡಿನಲ್ಲಿ ಮಾಡಿದ ಆಳೆತ್ತರದ ಒಂದು ಪೆಟ್ಟಿಗೆ ನಿಂತಿತ್ತು. ಒಳಗೆ ಬಣ್ಣ ಬಳಿದಿರಲಿಲ್ಲ. ಕೆಳಗೆ ಬೆಂಕಿಗೆ ಒಂದು ಪುಟ್ಟ ಬಾಗಿಲು, ಮೇಲೆ ಬಾಡಿಗೆ ಒಂದು ದೊಡ್ಡ ಬಾಗಿಲು, ನೆತ್ತಿಯಲ್ಲಿ ನೇತು ಹಾಕಲು ಸಾಲು ಕಂಬಿಗಳು. ತುದಿಯಲ್ಲೊಂದು ಹೊಗೆಕೊಳವೆ, ಅದಕ್ಕೊಂದು ಮುಚ್ಚುವ ತಗಡು.

ಮಾಯಮ್ಮ ದೊಡ್ಡ ಬಾಗಿಲನ್ನು ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಬಾಗಿಲು ಮುಚ್ಚಿದರೆ ಹೊಗೆ ಬಾಡಿನ ಪಾಲು; ತನ್ನ ಕಣ್ಣಿನ ಪಾಲಲ್ಲ. ಗಂಡನ ಮಾತನ್ನೂ ಉಳಿಸಿ ಗಂಡನ ಆಸೆಯನ್ನೂ ತೀರಿಸುವ ವಸ್ತು ಲೋಕದಲ್ಲಿ ಇದೆಯೆಂದು ಅವಳಿಗೆ ಅಂದೇ ಗೊತ್ತಾದದ್ದು.

"ಬಟ್ಟೆ ಇಡೋ ಬೀರು ಇದ್ದಂಗೈತೆ. ಇದೇ ಇರ್ಲಿ."

"ಅಣ್ಣಾ, ಇದ್ರಲ್ಲಿ ಕೋಳಿ ಆಗುತ್ತಾ?" ಭೀಮ ಮೆಲ್ಲಗೆ ಕೇಳಿದ.

"ಕೋಳಿ, ಮೀನು, ಏನ್ ಬೇಕಾದ್ರೂ ನೇತಾಕಿ ಸಾ."

"ಮೊದ್ಲು ನಿಮ್ಮಪ್ಪಂದಾಗ್ಲಿ. ಆಮೇಲೆ ನೀನೇ ಬೇಕಾದ್ರೂ ನೇತಾಡು," ಎಂದಳು ಮಾಯಮ್ಮ.

ಬರುವಾಗ ತೆಂಗಿನ ಚಿಪ್ಪು, ಮಟ್ಟೆಗಳನ್ನು ಮೂಟೆಗಟ್ಟಲೆ ಹೇರಿಸಿಕೊಂಡು ಬಂದರು.

ಹಬ್ಬಕ್ಕೆ ಮುಂಚೆ ಒಂದು ಸಲ ಪರೀಕ್ಷೆ ನೋಡುವುದೆಂದಾಯಿತು. ಮಾಯಮ್ಮ ಸ್ವಲ್ಪ ಬಾಡು ತರಿಸಿ ಹದ ಮಾಡಿ, ಮೋಡದ ಮರೆಯ ಬಿಸಿಲಿನಲ್ಲೇ ಆರಿಸಿ, ಟೆರೇಸಿನ ಮೇಲೆ ನಿಲ್ಲಿಸಿದ್ದ ಬೀರುವಿನಲ್ಲಿ ತೂಗುಬಿಟ್ಟು ಬೆಂಕಿ ಹಾಕಿದಳು. ಪಕ್ಕದ ಮನೆಯ ಟೆರೇಸಿನ ಮೇಲೆ ಸ್ನೇಹಲತಾ ಟೀಚರು ಒಗೆದ ಬಟ್ಟೆ ಹರವಿದ್ದರು. ಅವರ ಬಟ್ಟೆಗೆ ಹೊಗೆ ಹತ್ತಬಾರದು, ಕಾಸು ಕೊಟ್ಟು ತಂದ ಬೀರುವಿನ ಹೊಗೆ ಗಾಳಿಗೂ ಹೋಗಬಾರದು ಎಂದು ಮಾಯಮ್ಮ ಕೊಳವೆಯ ತಗಡನ್ನು ಭದ್ರವಾಗಿ ಮುಚ್ಚಿದಳು. ಸಾಲದೆಂದು ಒಂದು ಒದ್ದೆ ಗೋಣಿಯನ್ನೂ ಹೊದಿಸಿದಳು.

ಸಂಜೆ ಬಾಗಿಲು ತೆಗೆದರೆ ಬಾಡು ಮಸಿಯ ಬಣ್ಣಕ್ಕೆ ತಿರುಗಿ ಬೆವರಿತ್ತು. ತಗಡಿನಿಂದ ಕಂದು ನೀರು ತೊಟ್ಟಿಕ್ಕುತ್ತಿತ್ತು. ಶಾಂತಿ ಒಂದು ಚೂರು ಬಾಯಿಗಿಟ್ಟು ಓಡಿ ಹೋಗಿ ಉಗುಳಿ ಬಂದಳು.

"ಹೇಗೈತವ್ವ?" ಎಂದು ಮಾಯಮ್ಮ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಭೀಮ ಬೀರುವಿನ ಬಾಗಿಲು ಮುಚ್ಚಿ, "ದೊಡ್ಡತ್ತೆಗೆ ಫೋನ್ ಮಾಡ್ಲಾ ಅವ್ವ? ದುದ್ದದಾಗೇ ಇಡವ ಅಂತ," ಎಂದ.

ಮಾಯಮ್ಮ ಕೆಳಗಿಳಿದು ದೇವರ ಗೂಡಿನ ಮುಂದೆ ದೀಪ ಹಚ್ಚಿ ಕುಳಿತಳು. "ಸ್ವಾಮಿ, ಅವ್ರನ್ನ ಕರ್ಕಂಡೆ, ನಾನೇನೂ ಅನ್ನಿಲ್ಲ. ಒಂದು ಊಟಕ್ಕಾದ್ರೂ ಮನೆ ದಾರಿ ತೋರ್ಸು" ಎಂದು ಕೈ ಮುಗಿದಳು. ಹಾಗೆ ಕೈ ಮುಗಿದು ಕುಳಿತವಳಿಗೆ ದುದ್ದದ ಹಳೆಯ ಅಡಿಗೆ ಮನೆ ಕಣ್ಣಿಗೆ ಕಟ್ಟಿತು. ಮದುವೆಯಾಗಿ ಹೋದ ಮೊದಲ ಮಳೆಗಾಲದಲ್ಲಿ ಒಲೆಯ ಮೇಲಿನ ಹೆಂಚಿನ ಸಂದಿಯಿಂದ ನೀರು ಹನಿಯುತ್ತದೆಂದು ಅವಳು ಅಲ್ಲಿಗೆ ಚಿಂದಿ ತುರುಕಿದ್ದಳು. ಅತ್ತೆ ಬಂದವರೇ ಅದನ್ನು ಕಿತ್ತೆಸೆದು, "ಒಗೇನ ಕೂಡಾಕ್ಬಾರ್ದು ಕಣಮ್ಮಿ. ಅದು ಬಾಡ್ನ ಮುಟ್ಕಂಡು ಓಯ್ತಾ ಇರ್ಬೇಕು. ಕೂಡಾಕುದ್ರೆ ವಿಸವಾಯ್ತದೆ" ಎಂದಿದ್ದರು.

ಮಾಯಮ್ಮ ಎದ್ದಳು. ಮೆಟ್ಟಿಲು ಹತ್ತುವಾಗ ಮಂಡಿನೋವು ನೆನಪಾಗಲಿಲ್ಲ. ಗೋಣಿಯನ್ನು ಕಿತ್ತು ಬಿಸಾಡಿ, ತಗಡನ್ನು ಪೂರ್ತಿ ತೆಗೆದು, ಬೀರುವನ್ನು ಒರೆಸಿ, ಮರುದಿನ ಬೆಳಿಗ್ಗೆ ಒಣಗಿದ ಮಟ್ಟೆಯನ್ನಷ್ಟೇ ಆರಿಸಿ ಸಣ್ಣಗೆ ಬೆಂಕಿ ಹಾಕಿದಳು. ಕೊಳವೆಯಿಂದ ಊದುಬತ್ತಿಯದಂಥ ತೆಳ್ಳನೆಯ ನೀಲಿ ಹೊಗೆ ಎದ್ದಿತು. ಹಿಂದಿನ ದಿನ ಹೊಗೆಗೆ ಹಾಕದೆ ಉಳಿದಿದ್ದ ಒಂದೆರಡು ಎಳೆಗಳನ್ನು ನೇತು ಹಾಕಿ, ಬಟ್ಟೆ ತೆಗೆದುಕೊಳ್ಳಿ ಎಂದು ಟೀಚರಿಗೆ ಕೂಗಿ ಹೇಳಿದಳು. ಟೀಚರು ಬಂದವರು ಬಟ್ಟೆ ಮರೆತು ಗೋಡೆಗೆ ಒರಗಿ ನಿಂತರು.

"ಏನ್ರೀ ಅದು ಮಾಯಮ್ಮ, ಇಷ್ಟು ಘಮ ಅಂತಿದೆ?"

ಮಾಯಮ್ಮ ಆ ದಿನ ಮೊದಲ ಬಾರಿಗೆ ನಕ್ಕಳು.

ಆದರೆ ಪರೀಕ್ಷೆಯ ಬಾಡು ಬೇರೆ, ಎಡೆಯ ಬಾಡು ಬೇರೆ. ಹಿರಿಯರಿಗೆಂದು ಮಾಡಿದ್ದನ್ನು ಅವರು ಉಣ್ಣುವ ಮುಂಚೆ ಯಾರೂ ರುಚಿ ನೋಡುವಂತಿಲ್ಲ. ಉಪ್ಪು ಹೆಚ್ಚೋ ಕಡಿಮೆಯೋ ಕೈಗೇ ಗೊತ್ತಿರಬೇಕು. ಮಾಯಮ್ಮ ಬೇರೆ ಬಾಡು ತರಿಸಿ, ಮಿಂದು ಮಡಿಯುಟ್ಟು ಹದ ಮಾಡಿದಳು. ಬೀರು ಹೊಗೆಯಾಡಿದಷ್ಟು ಹೊತ್ತೂ ಅದರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕುಳಿತಳು. ಬಾಗಿಲು ತೆಗೆದಾಗ ಎಳೆಗಳು ಕೆಂಪಗೆ, ಒಣಗಿ ಬಿಗಿಯಾಗಿದ್ದವು. ಕಣ್ಣು ಮೆಚ್ಚಿತು. ನಾಲಿಗೆಯ ಮಾತು ಯಾರಿಗೆ ಗೊತ್ತು?

ಅಮಾವಾಸ್ಯೆಯ ದಿನ ರೇವಮ್ಮ ಬಂದಳು. ಗೇಟಿನಲ್ಲೇ ಮೂಗು ಅರಳಿಸಿದಳು. ಪಾಪಯ್ಯನ ಪಟಕ್ಕೆ ಹೂವು ಹಾಕಿ, ಹೊಸ ಪಂಚೆ ಶಲ್ಯ ಮಡಿಸಿಟ್ಟು, ಬಾಳೆಯೆಲೆಯ ಮೇಲೆ ಮುದ್ದೆ, ಸಾರು, ವಡೆ, ಪಾಯಸ, ಎಣ್ಣೆಯಲ್ಲಿ ಬಾಡಿಸಿದ ಉಪ್ಪುಕಂಡ ಎಲ್ಲ ಬಡಿಸಿದರು. ಅವನಿಗೆ ಪ್ರಿಯವೆಂದು ಭೀಮ ಒಂದು ಕಟ್ಟು ಬೀಡಿಯನ್ನೂ ಇಟ್ಟ. ಧೂಪ ಹಾಕಿ, ಅಡ್ಡಬಿದ್ದು, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕುಳಿತರು.

ಮುಚ್ಚಿದ ಬಾಗಿಲ ಆಚೆ ಗಂಡ ಕುಳಿತಿದ್ದಾನೆ ಎಂದು ಮಾಯಮ್ಮನಿಗೆ ಅನ್ನಿಸಿತು. ನಂಬಿದವರಿಗೆ ಅದು ನಿಜ.

ಬಾಗಿಲು ತಟ್ಟಿ ತೆರೆದು ಒಳಗೆ ಹೋದರು. ಎಡೆಯ ಉಪ್ಪುಕಂಡದಲ್ಲಿ ಮೊದಲ ತುಂಡನ್ನು ಭೀಮ ದೊಡ್ಡತ್ತೆಯ ಕೈಗೆ ಕೊಟ್ಟ. ರೇವಮ್ಮ ಅದನ್ನು ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡಳು. ಅಗಿದಳು. ಅಗಿಯುತ್ತಲೇ ಇದ್ದಳು. ಶಾಂತಿ ಮಾಯಮ್ಮನ ಸೆರಗನ್ನು ಹಿಡಿದುಕೊಂಡಳು.

"ಉಪ್ಪು ಒಂಚೂರು ಕಮ್ಮಿ," ಎಂದಳು ರೇವಮ್ಮ.

"ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟ್ರು ಅವ್ರಿಗೆ ಯೋಳಿದ್ರಲ್ಲ ಅತ್ಗೆ," ಎಂದಳು ಮಾಯಮ್ಮ.

ರೇವಮ್ಮನ ಹೊಟ್ಟೆಯಿಂದ ನಗು ಎದ್ದು ಬಂತು. ನಗುತ್ತ ನಗುತ್ತ ಅವಳ ಕೆನ್ನೆ ಒದ್ದೆಯಾಯಿತು. ಕೈ ಚಾಚಿ ಇನ್ನೊಂದು ತುಂಡು ತೆಗೆದುಕೊಂಡಳು, ಅದು ಮುಗಿಯುವ ಮೊದಲು ಮತ್ತೊಂದು.

"ಎಲ್ಲಿಂದ ತಂದ್ಯಮ್ಮಿ ಈ ರುಚಿನ? ನಮ್ಮವ್ವನ್ ಕೈದು ಇದು. ನನ್ ಒಲೇಲೂ ಈಟು ಚೆಂದಾಗಿ ಬರಾಕಿಲ್ಲ. ಎಲ್ಲೈತೆ ನಿನ್ ಒಲೆ, ತೋರ್ಸು."

"ಮೊದ್ಲು ಮಾತು ಯೋಳಿ ಅತ್ಗೆ. ಅವ್ರ ಎಡೆ ಎಲ್ಲಿ?"

"ಎಲ್ಲಿ ಅಂತ ಬೇರೆ ಕೇಳ್ತಾಳೆ! ಇಲ್ಲೇಯ. ಅವ್ನೊಬ್ಬಂದಲ್ಲ, ಮುಂದ್ಲು ವರ್ಸದಿಂದ ಅಪ್ಪ ಅವ್ವಂದೂ ಇಲ್ಲೇ ಇಕ್ಕವ. ಮಗ ಇರೋ ಕಡೀಗೆ ಅವ್ರೂ ಬರ್ಲಿ."

ಭೀಮ ಬೆರಗಾಗಿ ತಾಯಿಯ ಮುಖ ನೋಡಿದ. ದುದ್ದ ಬಿಟ್ಟು ಆಚೆ ಹೋಗದ ಎಡೆ ಅದು. ತಲೆಮಾರುಗಳಿಂದ ಅಲ್ಲೇ ಇದ್ದದ್ದು. ಮಾಯಮ್ಮ ಗಂಡನ ಪಟದ ಕಡೆಗೆ ತಿರುಗಿ ಕೈ ಮುಗಿದಳು. ತಲೆ ಮಾತ್ರ ಎತ್ತಿಯೇ ಇತ್ತು.

"ಎಲೆ ಆಕವ್ವ ಶಾಂತಿ," ಎಂದಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. "ಟೀಚರ್ನೂ ಕೂಗು. ಎಲ್ರೂ ಕೂತ್ಕಳಿ. ನಾನ್ ಬಡಿಸ್ತೀನಿ."