ಮೇಲ್ಮಹಡಿಗೆ ಬಂದ ಲೋಟ

ಮೆಟ್ಟಿಲ ಮೇಲೆ ಅಠವಲೆ ಕಾಕಾರ ಚಪ್ಪಲಿ, ಟಪ್, ನಿಂತು ಉಸಿರು, ಟಪ್, ಇಲ್ಲಿ ಪರದೆಯ ಮೇಲೆ ಮೂವತ್ತೈದು, ಮೂವತ್ತನಾಲ್ಕು — ಹೊಸ ಸರ್ವರ್ ಕೆಳಗಿನ ಅವರ ಕಂಪ್ಯೂಟರನ್ನು ಕೇಳುತ್ತಿದೆ, ಮೇಲೆ ಶರಯೂಗೆ, ಅಂದರೆ ನನಗೆ, ಫೈಲು ಬೇಕಂತೆ, ಬರೆದದ್ದನ್ನು ಒಪ್ಪಿಸಿ ಬಿಟ್ಟುಕೊಡು, ಮೂವತ್ತೈದು ಸೆಕೆಂಡು ಕಾಯುತ್ತೇನೆ, ಆಮೇಲಷ್ಟೇ ಕಿತ್ತುಕೊಳ್ಳುವುದು — ಎಂಥ ಮರ್ಯಾದೆ, ಹಳೆಯ ಸರ್ವರಿಗೆ ಇದೆಲ್ಲಿತ್ತು, ಒಂದೇ ಕೋಣೆಗೆ ಎರಡು ಬಾಗಿಲು, ಕೆಳಗಿನ ವಿಂಡೋಸ್‌ನವರು ಹಾಕಿದ ಚಿಲಕ ಮೇಲಿನ ಲಿನಕ್ಸ್‌ನವರಿಗೆ ಕಾಣುತ್ತಲೇ ಇರಲಿಲ್ಲ, ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಉಳಿಸಿಬಿಡಬಹುದಿತ್ತು, ಅದಕ್ಕೇ ಅಲ್ಲವೇ ಹಿತ್ತಾಳೆ ಲೋಟ, ಅದು ಯಾರ ಮೇಜಿನ ಮೇಲಿದೆಯೋ ನಾವೆಲ್ಲ ಸೇರಿ ಬರೆಯುವ ನಿಘಂಟಿನ ಫೈಲು ಅವರದು, ಕಾಕಾ ಮಾಡಿದ ಕಾನೂನು, ಲೋಟ ಎಲ್ರೋ ಅಂತ ಪುಣೆಯ ಇಡೀ ಸದಾಶಿವ ಪೇಠಕ್ಕೆ ಕೇಳುವ ಹಾಗೆ ಕೂಗುತ್ತ ನಾವು ಮೆಟ್ಟಿಲು ಹತ್ತಿ ಇಳಿದ ದಿನಗಳು, ಎಲ್ಲರಿಗೂ ತಿನ್ನಲು ಭಾಕರವಡಿಯ ಖಾರದ ಸುರುಳಿ ತರದವರಿಗೆ ಲೋಟವೂ ಇಲ್ಲ, ಆ ದಿನಗಳು ನನಗೆ ಮತ್ತೆ ಬೇಕು, ಒಂದು ಮಧ್ಯಾಹ್ನ ಬಿಟ್ಟು.

ಇಪ್ಪತ್ತೊಂದು — ಆ ಮಧ್ಯಾಹ್ನ ಲೋಟ ಕಾಕಾರ ಬಳಿಯೇ ಇತ್ತು, ಹನ್ನೊಂದು ದಿನದಿಂದ ಇತ್ತು, ಕೊಂಕಣ ತೀರದ ಹರ್ಣೆಯ ಬೆಸ್ತರ ಬಾಯಿಂದ ಕೇಳಿ ತಂದ ದೋಣಿಯ ಮಾತುಗಳನ್ನು ಒಂದೇ ಬೆರಳಲ್ಲಿ ಕುಟ್ಟುತ್ತಿದ್ದರು, ಮೇಲೆ ನಾನು ಅದಕ್ಕೂ ಮೊದಲೇ ತೆರೆದು ಮರೆತಿದ್ದ ಹಳೆಯ ಪ್ರತಿಗೆ ಒಂದು ಅಲ್ಪವಿರಾಮ ಹಾಕಿ ಉಳಿಸಿದೆ, ಒಂದೇ ಒಂದು ಅಲ್ಪವಿರಾಮ, ನನ್ನ ಹಳೆಯ ಪ್ರತಿ ಅವರ ಹೊಸದರ ಮೇಲೆ ಕೂತಿತು, ಅವರ ದೋಣಿಗಳೆಲ್ಲ ಹೋದವು, ಮರುದಿನ ಕಾಕಾ ಲೋಟವನ್ನೇ ನೋಡುತ್ತ, ಇದು ನನ್ನ ಹತ್ರಾನೇ ಇತ್ತಲ್ಲ, ಬೇರೆ ಯಾರು ಮುಟ್ತಾರೆ, ಮುದುಕನ ಕೈ ನೋಡಮ್ಮ, ಏನೋ ಒತ್ತಿಬಿಟ್ಟಿದೆ ಅಂದರು, ನನ್ನ ಬಾಯಲ್ಲಿ ಅವರೇ ತಂದ ಭಾಕರವಡಿ, ಮಾತನ್ನೂ ಅದರ ಜೊತೆ ನುಂಗಿದೆ, ಹನ್ನೊಂದು ದಿನ ಪಕ್ಕದಲ್ಲಿ ಕೂತು ಮತ್ತೆ ಟೈಪು ಮಾಡಿಕೊಟ್ಟೆ, ಬಂಗಾರದಂಥ ಹುಡುಗಿ ಅಂದರು, ನಾಚಿಕೆಗೇಡು, ಅಂದಿನಿಂದ ಒಂಬತ್ತು ವರ್ಷ ಪ್ರತಿ ಸಲ ಉಳಿಸುವ ಮೊದಲು ತಮ್ಮ ಬೆರಳನ್ನೇ ಕಳ್ಳನನ್ನು ನೋಡುವಂತೆ ನೋಡಿಕೊಳ್ಳುತ್ತಾರೆ, ಇವತ್ತು ಅವರ ನಿವೃತ್ತಿ, ಇವತ್ತೂ ಹೇಳದಿದ್ದರೆ ಆ ಅನುಮಾನವನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾರೆ, ಎಂಟು, ಏಳು, ಕೆಳಗಿನ ಯಂತ್ರದಿಂದ ಉತ್ತರವಿಲ್ಲ — ಏನಮ್ಮಾ ಶರಯೂ, ಮಧ್ಯಾಹ್ನ ಒಂದರಿಂದ ನಾಲ್ಕು ಗಂಟೆ ಪುಣೆಯೋರು ನಿದ್ದೆ ಬಿಟ್ಟು ಕೆಲಸ ಮಾಡಿದ್ರೆ ಪಾಪ ಬರುತ್ತೆ, ನನ್ನ ಕಂಪ್ಯೂಟರನ್ನೂ ಮಲಗಿಸಿ ಬಂದೆ — ಬಾಗಿಲಲ್ಲಿ ಕಾಕಾ, ಕೈಯಲ್ಲಿ ಲೋಟ, ತಗೋ, ಇನ್ಮೇಲೆ ಇದು ನಿಂದು, ನನ್ನ ತಪ್ಪಿಗೆ ನೀನೂ ಹನ್ನೊಂದು ದಿನ ಬೆರಳು ಸವೆಸಿದೆಯಲ್ಲ — ನನ್ನ ತಪ್ಪಿಗೆ ಅನ್ನುತ್ತಾರೆ — ಕೈ ಚಾಚಿದೆ, ಹಿತ್ತಾಳೆ ತಣ್ಣಗೆ ತಾಗಿತು, ಕಾಕಾ, ಅವತ್ತು ಅಳಿಸಿದ್ದು ನಿಮ್ಮ ಕೈಯಲ್ಲ, ನಂದು, ಅಂದುಬಿಟ್ಟೆ, ಪರದೆಯಲ್ಲಿ ಸೊನ್ನೆ, ಫೈಲು ನನ್ನ ಕಡೆ ಬಂತು, ಅವರು ಬಿಡುತ್ತಿಲ್ಲ, ನಾನೂ ಬಿಡುತ್ತಿಲ್ಲ, ಲೋಟ, ಇಬ್ಬರ ಕೈಯಲ್ಲೂ, ಲೋಟ