ಬರೀ ಸೌದೆ

ಬನ್ನೂರಿನಲ್ಲಿ ನಮ್ಮಪ್ಪ ಮಾದು ಮಾರಲು ಒಯ್ದ ತೇಗದ ಬಾಗಿಲನ್ನು ಟಿಂಬರ್ ವ್ಯಾಪಾರಿ ಪುಟ್ಟಬಸಪ್ಪ ಕಾಲಲ್ಲಿ ಒದ್ದು, "ಬರೀ ಸೌದೆ ಕಣ್ಲಾ" ಎಂದು ಸೌದೆ ಬೆಲೆಗೇ ಇಟ್ಟುಕೊಂಡಿದ್ದ. ಪಕ್ಕದಲ್ಲೇ ನಾನಿದ್ದೆ, ಪುಟ್ಟ ಹುಡುಗಿ.

ಈಗ ನಾನು ಕಸ್ಟಮ್ಸ್ ಅಧಿಕಾರಿ. ನಂಜನಗೂಡಿನ ಅವನ ಗೋಡೌನಿನಲ್ಲಿ ಬರ್ಮಾದಿಂದ ಬಂದ ಕಂಟೇನರ್ ತೆರೆಸಿದೆ. ಒಳಗೆ ಕೆಡವಿದ ಮನೆಗಳ ತೇಗದ ತೊಲೆಗಳು. ತೇಗಕ್ಕೆ ಸುಂಕ ಹೆಚ್ಚೆಂದು ಕಾಗದದಲ್ಲಿ ಸೌದೆ ಎಂದು ಬರೆದಿದ್ದ.

"ಸೌದೆನೇ ತಾನೆ?"

"ಊಂ ಮೇಡಂ, ಒಲೆಗಾಕಕ್ಕೇ ಲಾಯಕ್ಕು."

"ಸರಿ, ಸೌದೆ ಅಂತಾನೇ ಬಿಡ್ತೀನಿ. ಎಲ್ಲಾನೂ ನನ್ನ ಕಣ್ಮುಂದೆ ಮೊಳದುದ್ದ ತುಂಡಾಗಿ ಕುಯ್ಸಿ."

ಮೊದಲ ತೊಲೆಗೆ ಗರಗಸ ತಾಗುತ್ತಲೇ ಪುಟ್ಟಬಸಪ್ಪ ಕಿರುಚಿದ. "ಬ್ಯಾಡಿ ಮೇಡಂ! ಇದು ಸೌದೆಯಲ್ಲ, ತೇಗ!"

"ಹಾಗಂತ ಬರೆದುಕೊಡಿ" ಎಂದು ಪೆನ್ನು ಚಾಚಿದೆ. ಬರೆದ.

"ಇನ್ನೊಂದು ಸಾಲಿದೆ. ಬನ್ನೂರಿನ ಮಾದು ತಂದಿದ್ದ ಬಾಗಿಲೂ ಸೌದೆಯಲ್ಲ ಅಂತ ಬರೀರಿ."