ಪ್ಲಂಬರನ ಮನೆಯಲ್ಲಿ ಒಂದು ಲೀಟರ್ ನೀರಿರಲಿಲ್ಲ

ನಾನು ಪ್ಲಂಬರ್. ಬೀದಿಯವರ ಬಾಯಲ್ಲಿ ಪೈಪಣ್ಣ. ಇಪ್ಪತ್ತೆರಡು ವರ್ಷದಿಂದ ಈ ಬೀದಿಯ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿದವನು ನಾನೇ. ಯಾರ ಮನೆಯ ಪೈಪು ಎಲ್ಲಿ ತಿರುಗುತ್ತದೆ, ಯಾವ ವಾಲ್ವು ಯಾವಾಗ ಕೈಕೊಡುತ್ತದೆ, ಎಲ್ಲ ಕಣ್ಣು ಮುಚ್ಚಿ ಹೇಳಬಲ್ಲೆ. ಅದೇ ನನ್ನ ತಲೆಗೇರಿದ್ದು. ಈ ಕಥೆ ಹೇಳಲು ನನಗೇನೂ ಖುಷಿಯಿಲ್ಲ. ಆದರೂ ಹೇಳುತ್ತೇನೆ, ಕೇಳಿ.

ನಮ್ಮ ಪಕ್ಕದ ಮನೆಯಲ್ಲಿ ಆಸ್ಪತ್ರೆಯ ನರ್ಸಕ್ಕ ಇದ್ದಾರೆ. ಒಂದು ದಿನ ಅವರ ನಲ್ಲಿಗೆ ವಾಷರ್ ಹಾಕಲು ಹೋಗಿದ್ದೆ. ಮಂಚದ ಕೆಳಗೆ ಮುಚ್ಚಳ ಬಿಗಿದ ಆರು ಕ್ಯಾನು ಕಂಡವು. ಒಂದೊಂದರ ಮೇಲೂ ತುಂಬಿಸಿದ ತಾರೀಖಿನ ಚೀಟಿ.

"ಏನ್ ನರ್ಸಕ್ಕಾ, ನೀರಿನ ಅಂಗಡಿ ಇಡ್ತಿದ್ದೀರಾ?" ಅಂದೆ.

"ಆಪತ್ತಿಗೆ ಅಂತ ಇಟ್ಕೊಂಡಿರೋದು ಪೈಪಣ್ಣ. ಕುಡಿಯೋಕೆ, ಅಡುಗೆಗೆ ಅಂತ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಬೇಕು. ಕಮ್ಮಿ ಅಂದ್ರೂ ಮೂರು ದಿನಕ್ಕಾಗೋಷ್ಟು ಇರ್ಬೇಕು. ನಿಮ್ಮನೇಲಿ ಎಷ್ಟಿದೆ?"

"ಅಡುಗೆಮನೇಲಿ ಒಂದು ಕೊಡ ಇದೆ. ನಾನೇ ಇರೋವಾಗ ಕ್ಯಾನ್ ಯಾಕೆ ಬಿಡಿ!"

"ವಯಸ್ಸಾದ ಅಮ್ಮ ಇದ್ದಾರೆ, ಸಣ್ಣ ಮಗು ಇದೆ. ಸ್ವಲ್ಪ ಯೋಚನೆ ಮಾಡೋ."

"ಆಯ್ತಾಯ್ತು" ಅಂತ ವಾಷರ್ ಬಿಗಿದು ಎದ್ದು ಬಂದೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ.

ಹದಿನೈದು ದಿನ ಕಳೆದಿರಬೇಕು. ಊರಿಗೆ ನೀರು ತರುವ ದೊಡ್ಡ ಪೈಪು ಒಡೆಯಿತು. ಐದು ದಿನ ನೀರಿಲ್ಲ ಅಂತ ಮೈಕಿನಲ್ಲಿ ಕೂಗಿಕೊಂಡು ಹೋದರು. ನಮ್ಮ ಕೊಡ ಅವತ್ತೇ ಸಂಜೆಗೆ ಬರಿದಾಯಿತು. ಮಾರನೆಯ ಬೆಳಿಗ್ಗೆ ಬಂದ ಟ್ಯಾಂಕರ್ ನಮ್ಮ ಮನೆ ಮುಟ್ಟುವ ಮೊದಲೇ ಖಾಲಿ. ನರ್ಸಕ್ಕ ಡ್ಯೂಟಿಗೆ ಹೊರಟವರು ನಿಂತು, "ನಮ್ಮನೆಯಿಂದ ಒಂದು ಕ್ಯಾನ್ ತಗೊಂಡು ಹೋಗಪ್ಪ, ಅಮ್ಮನಿಗಾಗುತ್ತೆ" ಅಂದರು.

"ಪ್ಲಂಬರ್ ಮನೆಗೇ ನೀರು ದಾನ ಮಾಡ್ತೀರಾ? ಬೀದೀಲಿ ನನ್ನ ಮಾನ ಉಳಿಯುತ್ತಾ?" ಅಂದೆ. ನಗುತ್ತಲೇ ಅಂದೆ. ಆ ನಗುವಿಗಿಷ್ಟು ಬೆಂಕಿ ಬೀಳಲಿ.

ಅವತ್ತು ಮಧ್ಯಾಹ್ನ ನನ್ನ ಪಂಪು ತಂದು ನೇರವಾಗಿ ಬೀದಿಯ ಪೈಪಿಗೇ ಜೋಡಿಸಿದೆ. ಪೈಪಿನ ತಗ್ಗಿನಲ್ಲಿ ಅಷ್ಟಿಷ್ಟು ನೀರು ನಿಂತಿರುತ್ತದೆ, ಎಳೆದರೆ ಬರುತ್ತದೆ. ಇಂಥ ಉಪಾಯ ಪ್ಲಂಬರನಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು? ಪಂಪು ಮೊದಲು ಬರೀ ಗಾಳಿ ಎಳೆಯಿತು. ಆಮೇಲೆ ಕೆಂಪು ನೀರು ಬಂತು. ಎರಡು ಬಕೆಟ್ ಚೆಲ್ಲಿದ ಮೇಲೆ ತಿಳಿಯಾಯಿತು.

ಹೆಂಡತಿ ಲೋಟ ಮೂಗಿನ ಹತ್ತಿರ ಹಿಡಿದು, "ಏನೋ ಒಂಥರಾ ವಾಸನೆ ರೀ. ಕುದಿಸಿಬಿಡ್ತೀನಿ" ಅಂದಳು.

"ತುಕ್ಕಿನ ವಾಸನೆ ಕಣೇ. ನನಗೇ ಹೇಳಿಕೊಡ್ತೀಯಾ?" ಅಂತ ಗದರಿದೆ. ಅವಳು ಒಲೆ ಹಚ್ಚಲಿಲ್ಲ.

ಅಮ್ಮ ಎರಡು ಲೋಟ ಗಟಗಟ ಕುಡಿದು, "ನನ್ನ ಮಗ ಇರೋವಾಗ ನನಗೇನು ಕಮ್ಮಿ" ಅಂದಳು. ಆರು ವರ್ಷದ ಮಗಳೂ ಕುಡಿದಳು.

ಬೆಳಗಾಗುವಷ್ಟರಲ್ಲಿ ಎಲ್ಲರ ಹೊಟ್ಟೆಯೂ ಕೆಟ್ಟಿತ್ತು. ನಾವಿಬ್ಬರು ಹೇಗೋ ತಡೆದುಕೊಂಡೆವು. ಅಮ್ಮ, ಮಗಳು ವಾಂತಿ ಭೇದಿಯಿಂದ ಸೊರಗಿಹೋದರು. ಅಮ್ಮನನ್ನು ಬಚ್ಚಲಿಗೆ ಎತ್ತಿಕೊಂಡೇ ಹೋಗಬೇಕಾಯಿತು. ಹೆಂಡತಿ ಔಷಧಿ ಅಂಗಡಿಯಿಂದ ಓಆರ್‌ಎಸ್ ಪುಡಿ ತಂದಳು. ಒಂದು ಪೊಟ್ಟಣಕ್ಕೆ ಒಂದು ಲೀಟರ್ ಶುದ್ಧ ನೀರು ಅಂತ ಅದರ ಮೇಲೇ ಬರೆದಿತ್ತು. ಮನೆಯಲ್ಲಿದ್ದದ್ದು ಪಂಪಿನ ನೀರು. ಅದರಲ್ಲೇ ಕಲಸಿದೆ. ಮಧ್ಯಾಹ್ನದವರೆಗೂ ಪಕ್ಕದಲ್ಲೇ ಕೂತು ಚಮಚದಲ್ಲಿ ಇಬ್ಬರಿಗೂ ನಾನೇ ಕುಡಿಸಿದೆ.

ಸಂಜೆಗೆ ಇಬ್ಬರ ಕಣ್ಣೂ ಗುಳಿ ಬಿದ್ದವು. ಆಸ್ಪತ್ರೆಗೆ ಓಡಿದೆವು. ಡ್ಯೂಟಿಯಲ್ಲಿದ್ದ ನರ್ಸಕ್ಕ ಡ್ರಿಪ್ ಹಾಕಿ ನನ್ನ ಕಡೆ ತಿರುಗಿದರು.

"ಯಾವ ನೀರು ಕುಡಿಸಿದ್ರಿ?"

ಹೇಳಿದೆ.

"ಅಯ್ಯೋ ಪೈಪಣ್ಣ, ಆ ಪೈಪು ಚರಂಡಿ ಪಕ್ಕದಲ್ಲೇ ಹೋಗುತ್ತಲ್ಲೋ!"

ಪೈಪು ತುಂಬಿದ್ದಾಗ ನೀರಿನ ಒತ್ತಡ ಕೊಳೆಯನ್ನು ಒಳಗೆ ಬಿಡುವುದಿಲ್ಲ. ಖಾಲಿ ಪೈಪನ್ನು ಪಂಪಿನಿಂದ ಎಳೆದರೆ ಜಾಯಿಂಟಿನ ಸಂದಿಯಲ್ಲಿ ಚರಂಡಿಯ ನೀರು ನುಗ್ಗುತ್ತದೆ. ಕೆಲಸ ಕಲಿಯಲು ಬಂದವರಿಗೆ ನಾನೇ ನೂರು ಸಲ ಹೇಳಿದ ಮಾತಿದು. ಗೊತ್ತಿದ್ದೂ ಮಾಡಿದೆ.

ಮಗಳು ನಾಲ್ಕನೇ ದಿನ ಎದ್ದು ಕೂತಳು. ಅಮ್ಮ ಎರಡನೇ ದಿನವೇ ಹೋಗಿಬಿಟ್ಟಳು. ಹೋಗುವ ಮುಂಚೆ ನಾಲಿಗೆ ಒಣಗಿ ನೀರು ಕೇಳಿದಳು. ನರ್ಸಕ್ಕ ಲೋಟ ಹಿಡಿದರೆ ತಲೆ ಅಲ್ಲಾಡಿಸಿ, "ನನ್ನ ಮಗ ತಂದಿದ್ನಲ್ಲ, ಆ ನೀರು ಕೊಡಿ" ಅಂದಳು.

ಹತ್ತು ದಿನದ ನಂತರ ಹೆಂಡತಿ ಇಪ್ಪತ್ತು ಲೀಟರಿನ ಮೂರು ಹೊಸ ಕ್ಯಾನು ತಂದು ನನ್ನ ಮುಂದಿಟ್ಟಳು. ಉಳಿದ ಮೂವರಿಗೆ ಎರಡೇ ಸಾಕಿತ್ತು. ಅಮ್ಮನ ಪಾಲನ್ನೂ ಸೇರಿಸಿಯೇ ತಂದಿದ್ದಳು. ಜೊತೆಗೆ ನರ್ಸಕ್ಕನನ್ನೂ ಕರೆತಂದಿದ್ದಳು.

"ಹೇಳಿಕೊಡಿ ನರ್ಸಕ್ಕಾ, ಈಗ ಕೇಳ್ತಾರೆ" ಅಂದಳು.

ನರ್ಸಕ್ಕ ನೆಲದ ಮೇಲೆ ಕೂತು ಹೇಳಿದರು. "ಮೊದಲು ಕ್ಯಾನು ಸೋಪು ಹಾಕಿ ಚೆನ್ನಾಗಿ ತೊಳೀಬೇಕು. ಪೇಂಟು, ಸೀಮೆಎಣ್ಣೆ, ಕೀಟನಾಶಕ ಇದ್ದ ಡಬ್ಬ ಮಾತ್ರ ಬೇಡ್ವೇ ಬೇಡ. ನೀರು ಕುದಿಸಿ, ಆರಿಸಿ ತುಂಬಿಸಿ. ಮುಚ್ಚಳ ಬಿಗಿ ಇರ್ಲಿ, ಬಿಸಿಲು ಬೀಳದ ಕಡೆ ಇಡಿ. ಕೈ ಅದ್ದಬೇಡಿ, ಬಗ್ಗಿಸಿಕೊಳ್ಳಿ. ತಿಂಗಳಿಗೊಂದ್ಸಲ ನೆಲ ಒರೆಸೋಕೋ ಪಾತ್ರೆ ತೊಳೆಯೋಕೋ ಖಾಲಿ ಮಾಡಿ, ಹೊಸದು ತುಂಬಿಸಿ. ಅಷ್ಟೇ ಕಣೋ."

ಅಷ್ಟೇ. ಅರ್ಧ ದಿನದ ಕೆಲಸವೂ ಅಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಾನು ದೊಡ್ಡ ಮಾತು ಆಡುವವನಲ್ಲ. ನೀರು ಬರದೆ ನಿಂತ ಪೈಪಿಗೆ ಪಂಪು ಹಾಕಬೇಡಿ. ವಾಂತಿ ಭೇದಿಯಾದರೆ ಸಂಜೆಯವರೆಗೆ ಕಾಯಬೇಡಿ, ಆಸ್ಪತ್ರೆಗೆ ಓಡಿ. ಪಕ್ಕದವರು ನೀರು ಕೊಟ್ಟರೆ ಎರಡೂ ಕೈ ಚಾಚಿ ಇಸಿದುಕೊಳ್ಳಿ. ಅವತ್ತು ಅಮ್ಮನ ಔಷಧಿ ಕಲಸಲು ಬೇಕಾಗಿದ್ದದ್ದು ಒಂದು ಲೀಟರ್ ಒಳ್ಳೆಯ ನೀರು. ಊರಿಗೆಲ್ಲ ನೀರು ಬಿಡಿಸಿಕೊಡುವ ನನ್ನ ಮನೆಯಲ್ಲಿ ಅದಿರಲಿಲ್ಲ. ಇವತ್ತು ನಿಮ್ಮ ನಲ್ಲಿಯಲ್ಲಿ ನೀರು ಬರುತ್ತಿದೆ ತಾನೇ? ಈ ಕಾಗದ ಪಕ್ಕಕ್ಕಿಡಿ. ಎದ್ದು ಹೋಗಿ ತುಂಬಿಸಿ.